ಗೆಲುವೊಂದನ್ನು ಬಿಟ್ಟು: ನಮ್ಮ ಫುಟ್‌ಬಾಲ್ ತಂಡದ ಚರಿತ್ರೆ

ನಮ್ಮ ವಿಶ್ವವಿದ್ಯಾಲಯದ ಪುರುಷರ ಫುಟ್‌ಬಾಲ್ ತಂಡದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಗೆಲುವೊಂದನ್ನು ಬಿಟ್ಟು. ಮಳೆಗಾಲದಲ್ಲಿ ಗೋಲುಕಂಬದ ಬುಡದಲ್ಲಿ ಅಣಬೆ ಏಳುತ್ತದೆ. ಮೂಲೆಯ ಬಾವುಟವನ್ನು ಎಮ್ಮೆ ತಿನ್ನುತ್ತದೆ. ಒಂದು ವರ್ಷ ಹುಡುಗರು ಇಳಿಯಬೇಕಾದ ಊರಿಗಿಂತ ಮೊದಲೇ ಇಳಿದು, ಯಾವುದೋ ಕಾಲೇಜಿನ ವಾಲಿಬಾಲ್ ಟೂರ್ನಿಯಲ್ಲಿ ಊಟ ಮುಗಿಸಿ ವಾಪಸ್ ಬಂದಿದ್ದಾರೆ. ಆ ವರ್ಷ ಸೋಲಲಿಲ್ಲ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಇದನ್ನೆಲ್ಲ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದದ್ದು ಹೇಗೆ ಎಂಬಲ್ಲಿಂದಲೇ ಶುರು ಮಾಡುತ್ತೇನೆ.

೧. ಇಂಗ್ಲಿಷ್‌ನವರ ಆಟ

ನಾನು ಅಲ್ಲಿ ಇಂಗ್ಲಿಷ್ ವಿಭಾಗದ ಅತಿಥಿ ಉಪನ್ಯಾಸಕಿ. ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ಹೊರಟು, ಬಸ್ಸು ಹಿಡಿದು, ಪಾಠ ಮಾಡಿ, ಯಾರ ಕಣ್ಣಿಗೂ ಬೀಳದ ಹಾಗೆ ಮತ್ತೆ ಬಸ್ಸು ಹಿಡಿಯುವವಳು. ಮಾತಾಡುವಾಗ ತಲೆ ಎತ್ತುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದೆ. ಎಲ್ಲ ಮಿಸ್‌ಗಳೂ ತಲೆ ಎತ್ತಿ ಮಾತಾಡು ಅಂತಲೇ ಹೇಳಿದರು. ಮಾತು ಹೇಗೋ ಬಂತು. ತಲೆ ಮಾತ್ರ ಸಿಲೆಬಸ್ ಮುಗಿದರೂ ಮೇಲೇಳಲಿಲ್ಲ. ಹಾಗಾಗಿ ಕ್ಯಾಂಪಸ್ಸಿನಲ್ಲಿ ಯಾರು ಯಾರು ಎಂದು ನಾನು ಗುರುತು ಹಿಡಿಯುವುದು ಅವರ ಕಾಲಲ್ಲಿರುವ ಚಪ್ಪಲಿ, ಶೂಗಳಿಂದ.

ಒಂದು ಬೆಳಿಗ್ಗೆ ಪಾಲಿಶ್ ಮಾಡಿದ ಕಂದು ಶೂ ನನ್ನ ಮುಂದೆ ಬಂದು ನಿಂತಿತು. ಕ್ರೀಡಾ ಸಮಿತಿಯ ಅಧ್ಯಕ್ಷರು.

"ಮೇಡಂ, ನೀವು ಇಂಗ್ಲಿಷ್ ಮೀಡಿಯಂ ಅಲ್ವಾ?"

"ಹೌದು ಸರ್."

"ಫುಟ್‌ಬಾಲೂ ಇಂಗ್ಲಿಷ್‌ನವರ ಆಟವೇ. ನಮ್ಮ ತಂಡದ ಚರಿತ್ರೆ ನೀವೇ ಬರ್ಕೊಡಿ, ಸ್ಮರಣ ಸಂಚಿಕೆಗೆ."

"ಸರ್, ನಂಗೆ ಆ ಆಟ ಗೊತ್ತಿಲ್ಲ."

"ಆಡೋರಿಗೇ ಗೊತ್ತಿಲ್ಲ, ಬಿಡಿ."

ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ತಂಡ ಕಟ್ಟಿದಾಗಿನಿಂದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿಲ್ಲ. ಈ ಸಲದ ಮೊದಲ ಸುತ್ತು ನಮ್ಮ ಗ್ರೌಂಡಿನಲ್ಲೇ ನಡೆಯುತ್ತದೆ. ಸ್ವಂತ ಮನೆಯಲ್ಲೂ ಸೋತರೆ ತಂಡ ಮುಚ್ಚುವುದು, ಗ್ರೌಂಡನ್ನು ಘಟಿಕೋತ್ಸವಕ್ಕೆ ಬರುವ ಕಾರುಗಳ ನಿಲುಗಡೆಗೆ ಬಿಡುವುದು ಎಂದು ಸಮಿತಿಯಲ್ಲಿ ತೀರ್ಮಾನವಾಗಿದೆ.

"ಅದಕ್ಕೇ ಚಿಕ್ಕದಾಗಿ ಬರೀರಿ. ಇನ್ನು ಉದ್ದ ಆಗೋ ಚರಿತ್ರೆ ಅಲ್ಲ ಅದು."

"ಇಂಗ್ಲಿಷ್‌ನಲ್ಲಿ ಬರೀಲಾ ಸರ್?"

"ಛೆ ಛೆ, ಕನ್ನಡದಲ್ಲೇ ಬರೀರಿ ಮೇಡಂ. ಸೋತಿದ್ದನ್ನೆಲ್ಲ ಇಂಗ್ಲಿಷ್‌ನಲ್ಲಿ ಬರೆದ್ರೆ ಹೊರಗಿನವರಿಗೂ ಗೊತ್ತಾಗುತ್ತೆ."

೨. ಮುಟ್ಟಿ ಬಂದೆ

ಚರಿತ್ರೆ ಬೇಕಾದರೆ ಪಿ.ಡಿ. ಸರ್ ಹತ್ತಿರ ಹೋಗಬೇಕು. ದೈಹಿಕ ಶಿಕ್ಷಣ ನಿರ್ದೇಶಕರು. ತಂಡ ಕಟ್ಟಿದವರೂ ಅವರೇ, ಇಷ್ಟು ವರ್ಷ ಸೋಲಿಗೆ ಸಹಿ ಹಾಕುತ್ತ ಬಂದವರೂ ಅವರೇ. ಈ ವರ್ಷ ನಿವೃತ್ತಿ. ಅವರ ಕ್ಯಾನ್ವಾಸ್ ಶೂಗೆ ಗ್ರೌಂಡಿನ ಗೆರೆಯ ಸುಣ್ಣ ಸದಾ ಮೆತ್ತಿಕೊಂಡಿರುತ್ತದೆ. ನಾನು ಎದುರಿಗೆ ನಿಂತು ಆ ಸುಣ್ಣವನ್ನೇ ನೋಡುತ್ತಿದ್ದೆ.

"ನೆಲದ ಮೇಲೆ ಏನು ಬಿದ್ದಿದೆಯಮ್ಮ?"

"ಏನಿಲ್ಲ ಸರ್."

"ಇರ್ಲಿ ಬಿಡು. ಫುಟ್‌ಬಾಲ್ ನೋಡೋರು ಕಾಲು ನೋಡ್ಬೇಕು. ಮುಖ ನೋಡಿ ಆಗ್ಬೇಕಾದ್ದೇನು."

ಅವತ್ತಿನಿಂದ ನನಗೆ ಅವರ ಹತ್ತಿರ ಮಾತು ಸಲೀಸಾಯಿತು.

ಸರ್ ಮೂಲತಃ ಕಬಡ್ಡಿ ಆಟಗಾರರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನವರು ಕರೆದು, ಎಲ್ಲ ಕಡೆ ಫುಟ್‌ಬಾಲ್ ತಂಡ ಇದೆ, ನಮ್ಮಲ್ಲೂ ಇರಬೇಕು, ಮುಂದಿನ ವಾರ ಟೂರ್ನಿ ಎಂದರಂತೆ. ಕೈಯಲ್ಲಿದ್ದವರು ಕಬಡ್ಡಿ ಹುಡುಗರು. ಅವರಿಗೇ ಬೂಟು ಹಾಕಿಸಿ ಬಸ್ಸು ಹತ್ತಿಸಿದರು.

"ಹೇಗೆ ಆಡಿದ್ರು ಸರ್?"

"ಚೆನ್ನಾಗೇ ಆಡಿದ್ರು, ಕಬಡ್ಡಿ. ಎದುರಿನವನು ಚೆಂಡು ತಗೊಂಡು ಬಂದ್ರೆ ನಮ್ಮವರು ಸಾಲಾಗಿ ಕೈ ಕೈ ಹಿಡ್ಕೊಂಡು ನಿಂತ್ಕೊಳ್ಳೋರು. ಹತ್ತಿರ ಬಂದ ತಕ್ಷಣ ಒಬ್ಬ ಪಾದಕ್ಕೆ ಬೀಳೋನು, ಇನ್ನೊಬ್ಬ ಸೊಂಟ ಹಿಡಿಯೋನು. ರೆಫರಿ ಪಾಪ, ಯಾರಿಗೆ ಕಾರ್ಡ್ ತೋರಿಸೋದು ಅಂತ ಗೊತ್ತಾಗದೆ ನಂಗೇ ತೋರಿಸಿಬಿಟ್ಟ."

ಆದರೂ ಆ ಪಂದ್ಯದಲ್ಲಿ ಒಂದು ಅವಕಾಶ ಸಿಕ್ಕಿತ್ತು. ನಮ್ಮ ಒಬ್ಬ ಹುಡುಗ ಚೆಂಡನ್ನು ಒದ್ದುಕೊಂಡು ಒಬ್ಬನೇ ಮುಂದೆ ಹೋದ. ಉಸಿರು ಬಿಡದೆ ಬಾಯಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇದ್ದ. ಅಡ್ಡ ಬಂದವರೆಲ್ಲ ಇದೇನೋ ಮಂತ್ರ ಎಂದು ಸರಿದು ನಿಂತರು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಪಿ.ಡಿ. ಸರ್ ಕುರ್ಚಿ ಬಿಟ್ಟು ಎದ್ದು ನಿಂತರು. ಹುಡುಗ ಚೆಂಡನ್ನು ಅಲ್ಲೇ ಬಿಟ್ಟು, ಗೋಲ್‌ಕೀಪರನ ಭುಜ ಮುಟ್ಟಿ, ತಿರುಗಿ ಜೀವ ಕೈಯಲ್ಲಿ ಹಿಡಿದು ಓಡಿ ಬಂದು, ಮಧ್ಯದ ಗೆರೆ ದಾಟಿ ಬಿದ್ದ.

ಸರ್ ತಲೆಯ ಮೇಲೆ ಕೈ ಹೊತ್ತುಕೊಂಡು ಹತ್ತಿರ ಹೋದರೆ, ಅವನು ಏದುಸಿರು ಬಿಡುತ್ತ ಕೇಳಿದನಂತೆ, "ಮುಟ್ಟಿ ಬಂದೆ ಸರ್. ಅವನು ಇನ್ನೂ ಯಾಕೆ ಹೊರಗೆ ಹೋಗಿಲ್ಲ?"

೩. ಇನ್ನೊಂಚೂರು

ಕಬಡ್ಡಿ ಹುಡುಗರು ಪಾಸಾಗಿ ಹೋದ ಮೇಲೆ ನಿಜವಾದ ಫುಟ್‌ಬಾಲ್ ಆಟಗಾರರು ಬಂದರು. ಬಂದದ್ದು ಭದ್ರಾವತಿಯಿಂದ. ಕಾರ್ಖಾನೆಯ ಕ್ವಾರ್ಟರ್ಸಿನ ಹುಡುಗರು, ಶಿಫ್ಟು ಮುಗಿಸಿ ಬಂದು ಸಂಜೆ ಚೆಂಡು ಒದೆಯುತ್ತಿದ್ದ ಅಪ್ಪಂದಿರ ಮಕ್ಕಳು. ತಂಡದ ಇನ್ನರ್ಧ ಶಿವಮೊಗ್ಗದವರು. ಎರಡೂ ಊರಿನ ನಡುವೆ ಅರ್ಧ ಗಂಟೆಯ ದಾರಿ ಅಷ್ಟೇ, ಆದರೆ ಗ್ರೌಂಡಿನಲ್ಲಿ ಆ ದಾರಿಗೆ ಬಸ್ಸೇ ಇರಲಿಲ್ಲ.

ಆ ಕಾಲದ ಕ್ಯಾಪ್ಟನ್ ಈಗ ಭದ್ರಾವತಿಯಲ್ಲಿ ಬೇಕರಿ ಇಟ್ಟಿದ್ದಾರೆ. ನಾನು ಹೋದಾಗ ಕೈಗೆ ಬೆಣ್ಣೆ ಬಿಸ್ಕತ್ತು ಕೊಟ್ಟು ಮಾತಿಗೆ ಕೂತರು.

"ನಿಜ ಹೇಳ್ಬೇಕು ಅಂದ್ರೆ ಮೇಡಂ, ನಮ್ದು ಒಂದು ತಂಡ ಅಲ್ಲ, ಎರಡು. ಎದುರಾಳಿ ಮೂರನೇದು. ನಾವು ಶಿವಮೊಗ್ಗದವರಿಗೆ ಪಾಸ್ ಕೊಡ್ತಿರಲಿಲ್ಲ, ಅವರು ನಮಗೆ ಕೊಡ್ತಿರಲಿಲ್ಲ. ನಮ್ಮವರು 'ಇಂಗೆ ಪೋಡುಡಾ' ಅಂತ ತಮಿಳಲ್ಲಿ ಚೆಂಡು ಕೇಳೋರು. ಅವರು 'ಇಲ್ಲಿ ಹಾಕೋ ಮಾರಾಯ' ಅನ್ನೋರು. ಎದುರಾಳಿಗಳು ಎರಡೂ ಭಾಷೆ ಕಲಿತುಬಿಟ್ರು. ಅವರು ಕೂಗಿದ್ರೆ ನಾವು ಅವರಿಗೇ ಹಾಕ್ತಿದ್ವಿ."

ಪಿ.ಡಿ. ಸರ್ ಬೈದು ನೋಡಿದರು. ಕೊನೆಗೆ ಒಂದು ಉಪಾಯ ಮಾಡಿದರು. ಪ್ರತಿ ಭಾನುವಾರ ಶಿವಮೊಗ್ಗದ ಒಬ್ಬೊಬ್ಬ ಹುಡುಗ ಭದ್ರಾವತಿಯ ಒಬ್ಬೊಬ್ಬನನ್ನು ಮನೆಗೆ ಊಟಕ್ಕೆ ಕರೆಯಬೇಕು. ಮುಂದಿನ ಭಾನುವಾರ ಇವರು ಅವರನ್ನು ಕರೆಯಬೇಕು. ಒಂದು ಸಲ ಒಬ್ಬರ ಮನೆಯ ಸಾರು ಉಂಡರೆ ಮತ್ತೆ ಹಗೆ ಇರುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಇಲ್ಲಿಯ ಅಕ್ಕಿರೊಟ್ಟಿಗೂ ಅಲ್ಲಿಯ ಮೀನುಸಾರಿಗೂ ಸ್ನೇಹ ಬೆಳೆದು, ಟೂರ್ನಿ ಬರುವಷ್ಟರಲ್ಲಿ ಹುಡುಗರು ಅಣ್ಣತಮ್ಮಂದಿರಂತಾಗಿದ್ದರು.

"ಹಾಗಾದ್ರೆ ಆ ವರ್ಷ ಗೆಲ್ಲಬೇಕಿತ್ತಲ್ಲ?"

"ಅದನ್ನೇ ಹೇಳ್ತೀನಿ ಕೇಳಿ. ಆಟ ಮುಗಿಯೋಕೆ ಸ್ವಲ್ಪ ಹೊತ್ತು ಇತ್ತು. ನಾನೂ ಶಿವಮೊಗ್ಗದ ಹುಡುಗನೂ ಇಬ್ಬರೇ ಗೋಲಿನ ಮುಂದೆ. ಕೀಪರ್ ಜಾರಿ ಬಿದ್ದಿದ್ದ. ಚೆಂಡು ನನ್ನ ಹತ್ರ. ಹಿಂದಿನ ಭಾನುವಾರ ಅವರಮ್ಮ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿದ್ದು ನೆನಪಾಯ್ತು. 'ನೀನೇ ಹೊಡಿ' ಅಂತ ಅವನಿಗೆ ಕೊಟ್ಟೆ. ಅವನು, 'ಇಲ್ಲಿಲ್ಲ, ನೀನು ಹೊಡಿ' ಅಂತ ವಾಪಸ್ ಕೊಟ್ಟ. 'ನಂದು ಆಯ್ತು ಕಣೋ, ಹೋದ ಮ್ಯಾಚಲ್ಲಿ ಹೊಡ್ದಿದೀನಿ.' 'ಇರ್ಲಿ, ಇನ್ನೊಂದು ಹೊಡಿ, ಒಂದಕ್ಕೆ ಏನಾಗುತ್ತೆ.' ಹೀಗೇ ಉಪಚಾರ ಮಾಡ್ಕೊಳ್ತಾ ಇದ್ವಿ."

"ಆಮೇಲೆ?"

"ಕೀಪರ್ ಎದ್ದ, ಮೈ ಕೊಡವಿಕೊಂಡ, ಚೆಂಡು ಎತ್ಕೊಂಡು ಹೋದ. ಪಿ.ಡಿ. ಸರ್ ಆಚೆಯಿಂದ, 'ಏ, ಊಟ ಸಾಕು, ಕೈ ತೊಳ್ಕೊಳ್ರೋ' ಅಂತ ಕೂಗಿದ್ರು."

೪. ದೊಡ್ಡಪ್ಪನ ಆಫ್‌ಸೈಡ್

ಚರಿತ್ರೆ ಬರೆಯುವವಳಿಗೆ ಆಫ್‌ಸೈಡ್ ಎಂದರೇನು ಎಂದಾದರೂ ತಿಳಿದಿರಬೇಕಲ್ಲ. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್‌ನಲ್ಲಿ ಓದಿದೆ. ಪ್ರತಿ ಶಬ್ದದ ಅರ್ಥವೂ ಗೊತ್ತಿತ್ತು, ಒಟ್ಟು ಅರ್ಥ ಆಗಲಿಲ್ಲ. ಪಿ.ಡಿ. ಸರ್ ಹತ್ತಿರ ಕೇಳಿದೆ.

"ಮದುವೆ ಮನೆ ಊಟಕ್ಕೆ ಹೋಗಿದೀಯಲ್ಲ? ಒಂದು ಪಂಕ್ತಿ ಉಣ್ತಾ ಇರುತ್ತೆ. ಕರೆಯೋಕೆ ಮುಂಚೆನೇ ಕೆಲವರು ಒಳಗೆ ನುಗ್ಗಿ, ಉಣ್ಣೋರ ಬೆನ್ನ ಹಿಂದೆ ಹೋಗಿ ಕುರ್ಚಿ ಹಿಡ್ಕೊಂಡು ನಿಂತಿರ್ತಾರೆ. ಅವರು ಏಳೋದನ್ನೇ ಕಾಯ್ತಾ. ಅದೇ ಆಫ್‌ಸೈಡು. ಬಡಿಸೋನು ಬಕೆಟ್ ಎತ್ತೋವಾಗ ನೀನು ಎಲ್ಲರ ಜೊತೆ ಬಾಗಿಲಲ್ಲೇ ಇರ್ಬೇಕು. ಎತ್ತಿದ ಮೇಲೆ ಓಡು, ಬೇಡ ಅನ್ನೋರಿಲ್ಲ."

ಇಷ್ಟು ಚೆನ್ನಾಗಿ ಯಾವ ಪಾಠವೂ ನನಗೆ ಅರ್ಥವಾದದ್ದಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಹೇಳಿದರು, "ಅಂದ್ರೆ ನಿಮ್ಮ ದೊಡ್ಡಪ್ಪ ಜೀವಮಾನದಲ್ಲಿ ಒಂದು ಊಟವನ್ನೂ ನ್ಯಾಯವಾಗಿ ಮಾಡಿಲ್ಲ."

೫. ಕಾಶ್ಯಪ ಗೋತ್ರ

ನಮ್ಮ ತಂಡದಲ್ಲಿ ಆಯುಧಪೂಜೆಯ ದಿನ ಚೆಂಡಿಗೂ ಗೋಲುಕಂಬಕ್ಕೂ ಪೂಜೆ. ಇದು ಪಿ.ಡಿ. ಸರ್ ಹಾಕಿದ ಪದ್ಧತಿ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಮಾಡುತ್ತಾರೆ, ಸ್ಟ್ಯಾಂಡಿನಲ್ಲಿ ಆಟೋಗೆ ಮಾಡುತ್ತಾರೆ, ನಮ್ಮ ಅನ್ನ ನಡೆಯುವುದು ಚೆಂಡಿನಿಂದ ಎನ್ನುತ್ತಾರೆ ಅವರು. ಪೂಜೆ ಮಾಡಿಸುವವರು ಸಂಸ್ಕೃತ ವಿಭಾಗದ ಪ್ರಾಧ್ಯಾಪಕರು. ಈ ಸಲದ ಪೂಜೆಗೆ ನಾನೂ ಹೋಗಿ, ಮೂಲೆಯಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ.

ಚೆಂಡನ್ನು ಬಾಳೆಲೆಯ ಮೇಲೆ ಕೂರಿಸಿದ್ದರು. ಅದು ಉರುಳದಂತೆ ಸುತ್ತ ನಿಂಬೆಹಣ್ಣು ಇಟ್ಟಿದ್ದರು. ಪ್ರಾಧ್ಯಾಪಕರು ಸಂಕಲ್ಪ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ ಕೇಳಿದರು, "ತಂಡದ ಗೋತ್ರ ಯಾವುದು?"

ಪಿ.ಡಿ. ಸರ್ ಹುಡುಗರ ಮುಖ ನೋಡಿದರು. ಒಬ್ಬ ಅಡಿಕೆ ಮಂಡಿಯವರ ಮಗ, ಒಬ್ಬ ಭದ್ರಾವತಿಯ ಫಿಟ್ಟರ್ ಮಗ, ಗೋಲ್‌ಕೀಪರ್ ಹುಡುಗ ಶುಕ್ರವಾರದ ನಮಾಜು ತಪ್ಪಿಸದವನು, ಇನ್ನೊಬ್ಬ ಭಾನುವಾರ ಚರ್ಚಿನಲ್ಲಿ ಹಾಡುವವನು.

"ಗೊತ್ತಿಲ್ಲ ಸರ್."

"ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ನಕ್ಷತ್ರ?"

"ನಕ್ಷತ್ರ ಅಂತೂ ಸರಿ ಇಲ್ಲ ಸರ್. ಅದಕ್ಕೇ ಪೂಜೆ ಇಟ್ಕೊಂಡಿರೋದು."

ಮಂಗಳಾರತಿಯಾಗಿ ಬೂದುಗುಂಬಳ ಒಡೆಯುವ ಹೊತ್ತು. ವಾಹನವಾದರೆ ಮುಂದೆ ಒಡೆಯುತ್ತಾರೆ. ಗೋಲಿಗೆ ಮುಂದೆ ಯಾವುದು ಎಂದು ಸ್ವಲ್ಪ ಚರ್ಚೆಯಾಗಿ, ಗೋಲುಕಂಬಗಳ ನಡುವೆ ಗೆರೆಯ ಮೇಲೇ ಒಡೆದರು. ಮರುದಿನ ಸ್ನೇಹಪಂದ್ಯ. ನಮ್ಮ ಗೋಲ್‌ಕೀಪರ್ ಎಡಕ್ಕೆ ಹಾರಿದರೆ ಬಲಕ್ಕೆ ಜಾರುತ್ತಿದ್ದ. ಆಟ ಮುಗಿದಾಗ ಅವನ ಬೆನ್ನ ತುಂಬ ಕುಂಬಳಬೀಜ, ಮಂಡಿಯ ತುಂಬ ಕುಂಕುಮ.

ಅಂದಿನಿಂದ ಕುಂಬಳಕಾಯಿ ನಿಂತಿತು. ಪ್ರತಿ ಪಂದ್ಯಕ್ಕೂ ಮೊದಲು ಗೋಲುಕಂಬಗಳ ಒಳಮೈಗೆ ಕುಂಕುಮ ಹಚ್ಚುವುದು ಮಾತ್ರ ಉಳಿಯಿತು. ಸರ್ ಎರಡೂ ಕಡೆಯ ಗೋಲಿಗೆ ಹಚ್ಚುತ್ತಾರೆ.

"ಎದುರಿನವರ ಗೋಲಿಗೂ ಯಾಕೆ ಸರ್?"

"ಪೂಜೆಯಲ್ಲಿ ಪಕ್ಷಪಾತ ಮಾಡಬಾರ್ದಮ್ಮ."

ಪಕ್ಕದಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ಗೋಲ್‌ಕೀಪರ್ ತಲೆ ಎತ್ತದೆ ಹೇಳಿದ, "ಪಕ್ಷಪಾತ ಮಾಡೋದು ದೇವರು ಬಿಡಿ ಮೇಡಂ. ನಮ್ಮ ಸರ್ ಒಳ್ಳೆಯವರು."

೬. ಸೋಗಾನೆಯ ಹುಡುಗ

ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ತಂಡಕ್ಕೆ ಹೊಸ ಕಷ್ಟ ಒಂದು ಸೇರಿಕೊಂಡಿತು. ಇಳಿಯುವ ವಿಮಾನ ನಮ್ಮ ಗ್ರೌಂಡಿನ ಮೇಲೇ ತಗ್ಗಿಕೊಂಡು ಹೋಗುತ್ತದೆ. ಅದರ ಸದ್ದು ಕೇಳಿತೋ, ಹುಡುಗರು ಎಲ್ಲಿದ್ದಾರೋ ಅಲ್ಲೇ ನಿಂತು ಮೇಲೆ ನೋಡುತ್ತಾರೆ. ಕೆಲವರು ಕೈ ಬೀಸುತ್ತಾರೆ. ವಿಮಾನ ಬಂದು ಎಷ್ಟೋ ಕಾಲವಾಯಿತು, ಇನ್ನೂ ಅಭ್ಯಾಸವಾಗಿಲ್ಲ. ನಮ್ಮೂರಿನವರಿಗೆಲ್ಲ ಹೀಗೇ. ಆಲ್ಕೊಳ ಸರ್ಕಲ್ಲಿನಲ್ಲಿ ಸಿಗ್ನಲ್ ಹಸಿರಾದರೂ ಮೇಲೆ ನೋಡುತ್ತ ನಿಂತವರನ್ನು ನಾನೇ ಕಂಡಿದ್ದೇನೆ. ಕಂಡದ್ದು ಅವರ ಕಾಲು. ಒಂದೂ ಬ್ರೇಕಿನಿಂದ ಎದ್ದಿರಲಿಲ್ಲ.

ಪಿ.ಡಿ. ಸರ್ ಕಟ್ಟಪ್ಪಣೆ ಮಾಡಿದರು. ವಿಮಾನ ಬಂದಾಗ ತಲೆ ಎತ್ತಿದವನು ಗ್ರೌಂಡು ಸುತ್ತಬೇಕು. ಮರುದಿನ ವಿಮಾನ ಬಂತು. ಎಲ್ಲರೂ ಮೇಲೆ ನೋಡಿದರು. ಯಾರ್ಯಾರು ನೋಡಿದರು ಎಂದು ಸರ್‌ಗೆ ಗೊತ್ತಾಗಲಿಲ್ಲ, ಯಾಕೆಂದರೆ ಅವರೂ ಮೇಲೆ ನೋಡುತ್ತಿದ್ದರು. ಕೊನೆಗೆ ನನ್ನನ್ನು ಕೇಳಿದರು.

"ಎಲ್ಲರೂ ನಿಂತಿದ್ರು ಸರ್. ಒಬ್ಬನ ಬೂಟು ಮಾತ್ರ ನಡೀತಾ ಇತ್ತು. ಲೇಸಿನ ಬದಲು ಹಸಿರು ಪ್ಲಾಸ್ಟಿಕ್ ದಾರ ಕಟ್ಟಿರೋ ಬೂಟು."

ಅದು ಸೋಗಾನೆಯ ಹುಡುಗನ ಬೂಟು. ತಂಡಕ್ಕೆ ಹೊಸಬ, ಮಾತು ಕಡಿಮೆ, ಎಡಗಾಲಿನವನು. ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಸರ್ ಅವನನ್ನು ಕರೆದು ಕೇಳಿದರು, "ಏನೋ, ನಿಂಗೆ ವಿಮಾನ ನೋಡ್ಬೇಕು ಅನ್ಸಲ್ವಾ?"

"ನಮ್ಮನೆ ಮೇಲೇ ಹೋಗುತ್ತೆ ಸರ್. ಮೊದಮೊದಲು ನೋಡ್ತಿದ್ದೆ. ಅಜ್ಜಿ ಹಪ್ಪಳ ಒಣಗಿಸೋವಾಗ ದಿನಾ ವಿಮಾನಕ್ಕೆ ಬೈತಾರೆ, ಅವರ ಬೈಗುಳ ಕೇಳಿ ಕೇಳಿ ಬೇಜಾರಾಗಿದೆ."

"ವಿಮಾನ ಏನು ಮಾಡುತ್ತೆ ಹಪ್ಪಳಕ್ಕೆ?"

"ಹಪ್ಪಳಕ್ಕೇನಿಲ್ಲ ಸರ್. ಅಜ್ಜಿ ತಲೆ ಎತ್ತಿ ನೋಡ್ತಾರೆ, ಅಷ್ಟರಲ್ಲಿ ಕಾಗೆ ಹೊತ್ಕೊಂಡು ಹೋಗುತ್ತೆ."

ಸರ್ ಅವತ್ತೇ ಅವನ ಹೆಸರನ್ನು ಆಡುವ ಹನ್ನೊಂದರಲ್ಲಿ ಸೇರಿಸಿದರು. "ಒಬ್ಬನಾದ್ರೂ ಚೆಂಡು ನೋಡ್ತಾ ಇರ್ಲಿ," ಎಂದರು.

೭. ಚೆಂಡು ಒಳಗಿತ್ತು

ಪಂದ್ಯದ ದಿನ ಬಂತು. ಎದುರಾಳಿಗಳು ಬಯಲುಸೀಮೆಯ ಕಡೆಯವರು, ಗಟ್ಟಿ ತಂಡ. ರೆಫರಿ ಗದಗದ ಕಡೆಯವರು. ಪಿ.ಡಿ. ಸರ್ ಬೆಳಿಗ್ಗೆಯೇ ಬಂದು ನಾಲ್ಕೂ ಕಂಬದ ಒಳಮೈಗೆ ಹಸಿಯಾಗಿ ಕುಂಕುಮ ಹಚ್ಚಿದ್ದರು. ಆಟದ ಹೊತ್ತನ್ನೂ ಅವರೇ ಗೊತ್ತು ಮಾಡಿದ್ದು, ಮಧ್ಯಾಹ್ನದ ವಿಮಾನ ಹೋದ ಮೇಲೆಯೇ ಶುರುವಾಗುವ ಹಾಗೆ. ಆದರೆ ಅಂದು ವಿಮಾನ ತಡವಾಗಿತ್ತು. ಅದು ಯಾರ ಗಮನಕ್ಕೂ ಬರಲಿಲ್ಲ.

ನನ್ನನ್ನು ಶಾಮಿಯಾನದ ಕೆಳಗೆ ಅಧಿಕೃತ ಮೇಜಿಗೆ ಕೂರಿಸಿದ್ದರು. ಗೋಲು ಬಿದ್ದಾಗ ಹಲಗೆಗೆ ಅಂಕಿಯ ತಗಡು ನೇತು ಹಾಕುವುದು ನನ್ನ ಕೆಲಸ. ಪಕ್ಕದಲ್ಲೇ ಕಂದು ಶೂ, ಅಂದರೆ ಅಧ್ಯಕ್ಷರು. ಅವರ ಪಕ್ಕ ಧೂಳು ಹಿಡಿದ ಕಪ್ಪು ಶೂ. ಗ್ರೌಂಡಿನಲ್ಲಿ ಎಷ್ಟು ಕಾರು ಹಿಡಿಯುತ್ತದೆ ಎಂದು ಅಳೆಯಲು ಟೇಪು ತಂದಿದ್ದ ಎಂಜಿನಿಯರ್ ಅವರು.

"ಆಟ ಮುಗಿದ ತಕ್ಷಣ ಅಳೆದುಬಿಡಿ, ಕತ್ತಲಾಗೋಕೆ ಮುಂಚೆ," ಎಂದರು ಅಧ್ಯಕ್ಷರು.

ನಾನು ಪಿ.ಡಿ. ಸರ್ ಕ್ಯಾನ್ವಾಸ್ ಶೂ ಎಲ್ಲಿದೆ ಎಂದು ಹುಡುಕಿದೆ. ಗೆರೆಯ ಪಕ್ಕ ನಿಂತಿತ್ತು. ಒಂದು ಹಿಮ್ಮಡಿ ನೆಲಕ್ಕೆ ಬಡಿಯುತ್ತಲೇ ಇತ್ತು.

ಆಟ ಶುರುವಾಯಿತು. ನಮ್ಮ ಗೋಲ್‌ಕೀಪರ್ ಎಷ್ಟೊಂದು ಚೆಂಡು ತಡೆದ. ಅಂದು ಕುಂಬಳಬೀಜ ಇರಲಿಲ್ಲ. ಶಿವಮೊಗ್ಗದವರೂ ಭದ್ರಾವತಿಯವರೂ ಚೆಂಡನ್ನು ಅದಲುಬದಲು ಮಾಡಿಕೊಂಡರು, ಉಪಚಾರ ಇಲ್ಲದೆ. ಆದರೆ ಆಟದ ಕೊನೆಗೆ ಬಂದರೂ ಹಲಗೆಯ ಎರಡೂ ಕಡೆ ಸೊನ್ನೆಯೇ ನೇತಾಡುತ್ತಿತ್ತು.

ಆಗ ಸದ್ದು ಕೇಳಿತು. ಮೊದಲು ದೂರದಲ್ಲಿ, ಆಮೇಲೆ ನೆತ್ತಿಯ ಮೇಲೆ. ಅಷ್ಟು ತಗ್ಗಿನಲ್ಲಿ ಅದು ಎಂದೂ ಬಂದಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ನನಗೆ ಗೊತ್ತಿಲ್ಲ. ನಾನು ನೋಡಿದ್ದು ಗ್ರೌಂಡನ್ನು. ಅಲ್ಲಿಯ ಅಷ್ಟೂ ಬೂಟುಗಳು ನಿಂತವು. ಎದುರಾಳಿಗಳ ಬೂಟುಗಳೂ ನಿಂತವು, ಅವರ ಊರಿನಲ್ಲಿ ವಿಮಾನ ಇಷ್ಟು ಕೆಳಗೆ ಬರುವುದಿಲ್ಲವಂತೆ. ರೆಫರಿಯ ಬೂಟು ನಿಂತಿತು. ಗೆರೆಯ ಬಾವುಟದವರ ಬೂಟು ನಿಂತಿತು. ಎದುರಾಳಿ ಗೋಲ್‌ಕೀಪರ್ ತುದಿಗಾಲ ಮೇಲೆ ನಿಂತ. ಕ್ಯಾನ್ವಾಸ್ ಶೂನ ಹಿಮ್ಮಡಿ ಬಡಿಯುವುದನ್ನು ಬಿಟ್ಟಿತು.

ಹಸಿರು ದಾರದ ಬೂಟು ಮಾತ್ರ ನಡೆಯುತ್ತಲೇ ಇತ್ತು.

ಅವನು ಓಡಲೂ ಇಲ್ಲ. ನಿಂತವರ ನಡುವೆ ಚೆಂಡು ತಳ್ಳಿಕೊಂಡು, ಸಂತೆಯಲ್ಲಿ ದಾರಿ ಮಾಡಿಕೊಂಡು ಹೋಗುವವನ ಹಾಗೆ ಹೋದ. ಗೋಲಿನ ಹತ್ತಿರ ನಿಂತು ಎಡಗಾಲಿನಿಂದ ಒದ್ದ. ಚೆಂಡು ಬಲಗಡೆಯ ಕಂಬದ ಒಳಮೈಗೆ ತಾಗಿ ಬಲೆಗೆ ಬಿತ್ತು. ಅವನು ಸುತ್ತ ನೋಡಿದ. ಏನೋ ಹೇಳಿದ, ಸದ್ದಿನಲ್ಲಿ ಕೇಳಲಿಲ್ಲ. ಆಮೇಲೆ ಸೊಂಟದ ಮೇಲೆ ಕೈ ಇಟ್ಟು, ಉಳಿದವರೆಲ್ಲ ಕೆಳಗೆ ನೋಡುವುದನ್ನೇ ಕಾಯುತ್ತ ನಿಂತ.

ವಿಮಾನ ಹೋಯಿತು. ರೆಫರಿ ಚೆಂಡು ಹುಡುಕಿದರು. ಅದು ಬಲೆಯೊಳಗಿತ್ತು.

"ಇದ್ಯಾವಾಗ ಆತು?" ಎಂದರು.

"ಈಗ ಸರ್," ಎಂದ ಸೋಗಾನೆಯ ಹುಡುಗ.

ಎದುರಾಳಿ ಕೋಚ್ ಓಡಿ ಬಂದರು. "ಒಪ್ಪಲ್ಲ ಸರ್. ಕೈಯಲ್ಲಿ ಎತ್ತಿ ಒಳಗೆ ಇಟ್ಟಿದಾನೆ."

ರೆಫರಿ ಎದುರಾಳಿ ಗೋಲ್‌ಕೀಪರನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ಬಾವುಟದವರನ್ನು ಕೇಳಿದರು. ಇಬ್ಬರೂ ಬಾವುಟ ಸುತ್ತತೊಡಗಿದರು. ನೋಡಲು ಬಂದವರತ್ತ ತಿರುಗಿದರು. ಕೆಲವರ ಫೋನು ಇನ್ನೂ ಆಕಾಶಕ್ಕೇ ತಿರುಗಿತ್ತು. ಕೊನೆಗೆ ನಮ್ಮ ಮೇಜಿನ ಹತ್ತಿರ ಬಂದರು.

"ಯಾರರ ನೋಡೀರೇನ್ರೀ? ಒಬ್ಬರರ?"

ಅಧ್ಯಕ್ಷರ ಕಂದು ಶೂ ಕುರ್ಚಿಯ ಕೆಳಗೆ ಸರಿಯಿತು. ಮೇಜಿನ ಮೇಲಿನ ತಗಡು ನೋಡಿಕೊಂಡೇ ಎದ್ದು ನಿಂತೆ.

"ನಾನು ನೋಡಿದೆ ಸರ್."

"ಜೋರಾಗಿ ಹೇಳ್ರಿ ತಂಗಿ."

"ನಾನು ನೋಡಿದೆ," ಎಂದೆ. ಅದು ಎಷ್ಟು ಜೋರಾಗಿ ಬಂತೆಂದರೆ ಎಂಜಿನಿಯರ್ ಕೈಯಿಂದ ಟೇಪು ಬಿತ್ತು. "ಎಡಗಾಲಲ್ಲಿ ಒದ್ದ. ಒದೆಯೋವಾಗ ಅವನಿಗೂ ಗೆರೆಗೂ ನಡುವೆ ಗೋಲ್‌ಕೀಪರ್ ಇದ್ರು, ಅವರ ಕಡೆಯ ಇನ್ನೂ ಮೂರು ಜೊತೆ ನೀಲಿ ಬೂಟು ಇತ್ತು. ಆಫ್‌ಸೈಡ್ ಅಲ್ಲ. ಚೆಂಡು ಬಲಗಡೆ ಕಂಬದ ಒಳಗಡೆಗೆ ತಾಗಿ ಒಳಗೆ ಹೋಯ್ತು. ಬೇಕಾದ್ರೆ ಚೆಂಡು ನೋಡಿ. ಅದರ ಮೇಲೆ ಕುಂಕುಮ ಇರುತ್ತೆ."

ರೆಫರಿ ಹೋಗಿ ಚೆಂಡು ತಿರುಗಿಸಿ ನೋಡಿದರು. ಅಂಗೈಯಗಲ ಕುಂಕುಮ ಹತ್ತಿತ್ತು. ಕಂಬದ ಮೇಲೆ ಅದೇ ಅಳತೆಯ ಬಿಳಿ ಜಾಗ. ಅವರು ಆ ಕುಂಕುಮಕ್ಕೆ ಬೆರಳು ತಾಗಿಸಿ ಹಣೆಗೆ ಮುಟ್ಟಿಸಿಕೊಂಡು, ಸೀಟಿ ಊದಿ, ನಮ್ಮ ಕಡೆಗೆ ಗೋಲು ಕೊಟ್ಟರು.

ಎದುರಾಳಿ ಕೋಚ್ ಇನ್ನೂ ಏನೋ ಹೇಳುತ್ತಿದ್ದರು. ಅವರ ಗೋಲ್‌ಕೀಪರನೇ ತಡೆದ. "ಬಿಡಿ ಸರ್, ಕೈಯಲ್ಲಿ ಇಟ್ಟಿದ್ರೆ ಕಂಬಕ್ಕೆ ಯಾಕೆ ತಾಗ್ತಿತ್ತು."

ನಾನು ತಗಡು ಬದಲಿಸಲು ಹೋದರೆ ನಮ್ಮ ಕಡೆಯ ತಗಡುಗಳ ಡಬ್ಬಿಯಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. ಬಳಕೆ ಇಲ್ಲದೆ ಅದು ಯಾವ ಕಾಲದಲ್ಲೋ ನೀರಿನ ಕೊಡದ ಮುಚ್ಚಳವಾಗಿ ಹೋಗಿತ್ತಂತೆ. ಪಿ.ಡಿ. ಸರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಅವರ ಡಬ್ಬೀದು ತಗೊಳ್ಳಮ್ಮ. ಅವರಿಗೆ ಇನ್ನು ಬೇಕಾಗಲ್ಲ."

ಬೇಕಾಗಲಿಲ್ಲ. ಕೊನೆಯ ಸೀಟಿ ಊದಿದಾಗ ಹುಡುಗರು ಸೋಗಾನೆಯವನನ್ನು ಹೆಗಲ ಮೇಲೆ ಎತ್ತಿಕೊಂಡರು, ಒಂದು ಹೆಗಲು ಶಿವಮೊಗ್ಗದ್ದು, ಒಂದು ಭದ್ರಾವತಿಯದ್ದು. ಎಂಜಿನಿಯರ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಕಂದು ಶೂ ನನ್ನ ಮುಂದೆ ಬಂದು ನಿಂತಿತು.

"ಮೇಡಂ, ಆ ಚರಿತ್ರೆ ಚಿಕ್ಕದಾಗಿ ಬರೀರಿ ಅಂದಿದ್ದೆ. ಮುಂದಿನ ವರ್ಷಕ್ಕೂ ಒಂಚೂರು ಜಾಗ ಬಿಡಿ."

ಎಲ್ಲರೂ ಹೋದ ಮೇಲೆ ಪಿ.ಡಿ. ಸರ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕಣ್ಣು ಒದ್ದೆಯಾಗಿತ್ತು. ತಲೆ ಎತ್ತಿ ನೋಡಿದ್ದರಿಂದ ನನಗೆ ಗೊತ್ತಾಯಿತು.

"ನಿಜ ಹೇಳಮ್ಮ. ಗೋಲು ಹೇಗಿತ್ತು?"

"ನೀವು ನೋಡ್ಲಿಲ್ವಾ ಸರ್?"

"ಇಷ್ಟು ವರ್ಷ ಅದೊಂದನ್ನೇ ಕಾಯ್ತಾ ಇದ್ದೆ," ಎಂದರು, "ಹಾಳಾದ್ದು, ಅಷ್ಟರಲ್ಲಿ ವಿಮಾನ ಬಂತು."

ನಾನು ಮೊದಲಿನಿಂದ ಹೇಳಿದೆ. ಅವರ ನಿವೃತ್ತಿಯ ಸಮಾರಂಭದಲ್ಲೂ ಮೈಕಿನ ಮುಂದೆ ನಿಲ್ಲಿಸಿ ಹೇಳಿಸಿದರು. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ, "ಆ ಕಂಬಕ್ಕೆ ತಾಗಿದ್ದು ಹೇಳು," ಎನ್ನುತ್ತಾರೆ.

ಸ್ಮರಣ ಸಂಚಿಕೆ ಹೊರಬಂದಿದೆ. ತಂಡದ ಮೊದಲ ಗೆಲುವಿನ ಗೋಲಿನ ಫೋಟೋ ಹಾಕಲೇಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಫೋಟೋಗ್ರಾಫರನ ಹತ್ತಿರ ಆ ಕ್ಷಣದ್ದು ಇದ್ದದ್ದು ಒಂದೇ, ಬಲು ಸ್ಪಷ್ಟವಾದ ಫೋಟೋ, ವಿಮಾನದ್ದು. ಅದನ್ನೇ ಪೂರ್ತಿ ಪುಟಕ್ಕೆ ಹಾಕಿದೆವು. ಅಡಿಬರಹ ಪಿ.ಡಿ. ಸರ್ ಅವರದ್ದು:

"ಗೋಲು ಈ ಚಿತ್ರದ ಕೆಳಗಡೆ ಆಗುತ್ತಿದೆ."